ಜಾತ್ರೆಯ ಜಯಂಟ್ ವೀಲೂ ಡಿಸ್ನಿಲ್ಯಾಂಡೂ ವಸ್ತುಪ್ರದರ್ಶನದ ಮಕ್ಕಳಾ?

ಸಾಗರದವಳು

ನಮ್ಮ ಮಾರಿಜಾತ್ರೆ ಮೈದಾನಕ್ಕೆ ಜಯಂಟ್ ವೀಲ್, ಕೊಲಂಬಸ್, ಮರಣಬಾವಿ ಎಲ್ಲ ಬರ್ತದಲ್ಲ, ಅದನ್ನು ನೋಡ್ತಾ ದೊಡ್ಡಪ್ಪ ಒಂದು ಮಾತು ಹೇಳಿದ್ರು: "ಇದೆಲ್ಲ ಅಮೆರಿಕ, ಫ್ರಾನ್ಸಿನ ದೊಡ್ಡ ವಸ್ತುಪ್ರದರ್ಶನಗಳಿಂದ ಬಂದದ್ದು, ಡಿಸ್ನಿಲ್ಯಾಂಡೂ ಅದೇ ಬುಡದ್ದು." ನನಗೆ ವಸ್ತುಪ್ರದರ್ಶನ ಅಂದ್ರೆ ಮೈಸೂರು ದಸರಾದ್ದೊಂದೇ ಗೊತ್ತು. ಇಲಾಖೆಗಳ ಮಳಿಗೆ, ದೆಹಲಿ ಹಪ್ಪಳ, ಮೂಲೆಯಲ್ಲಿ ಒಂದಿಷ್ಟು ಆಟ. ಯಂತ್ರ, ಬಟ್ಟೆ, ಬೀಜ ತೋರಿಸೋ ಜಾಗಕ್ಕೂ ಥೀಮ್ ಪಾರ್ಕಿಗೂ ಎಂತ ಸಂಬಂಧ? ಗೊತ್ತಿದ್ದವರು ಬಿಡಿಸಿ ಹೇಳಿ.

ಭದ್ರಾವತಿ ಫಿಟ್ಟರ್

ನಿಮ್ಮ ದೊಡ್ಡಪ್ಪ ಹೇಳಿದ್ದು ಸರಿಯಾಗೇ ಇದೆ. ನಾನು ಕಬ್ಬಿಣದ ಕೆಲಸದಲ್ಲೇ ಆಯುಷ್ಯ ಕಳೆದವನು, ಆ ಕಡೆಯಿಂದಲೇ ಶುರು ಮಾಡ್ತೇನೆ.

1889ರ ಪ್ಯಾರಿಸ್ ಪ್ರದರ್ಶನಕ್ಕೆ ಐಫೆಲ್ ಗೋಪುರ ಎದ್ದಿತು. 1893ರಲ್ಲಿ ಶಿಕಾಗೋದ ಸರದಿ. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಪ್ರದರ್ಶನದ ಜೊತೆಗೆ. ಪ್ಯಾರಿಸ್ಸನ್ನು ಮೀರಿಸುವಂಥದ್ದು ಏನಾದರೂ ಬೇಕು ಅಂತ ಅಲ್ಲಿನವರು ಹಟ ಹಿಡಿದಿದ್ದರು. ಆಗ ಮುಂದೆ ಬಂದವನು ಜಾರ್ಜ್ ಫೆರಿಸ್. ಸೇತುವೆಗಳ ಉಕ್ಕನ್ನು ಪರೀಕ್ಷೆ ಮಾಡಿಕೊಡುವ ಕಂಪನಿ ನಡೆಸುತ್ತಿದ್ದ ಎಂಜಿನಿಯರ್. ಅವನು ಕಟ್ಟಿದ ಚಕ್ರದ ಎತ್ತರ 264 ಅಡಿ. 36 ಬೋಗಿ, ಒಂದೊಂದರಲ್ಲಿ 60 ಜನ. ಅಂದರೆ ಒಟ್ಟಿಗೆ 2,160 ಮಂದಿ ಮೇಲೇರಬಹುದು!

ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಆ ನಡುವಿನ ಅಚ್ಚು. ಸುಮಾರು 45 ಅಡಿ ಉದ್ದ, 40 ಟನ್ ತೂಕ, ಇಡೀ ಒಂದೇ ತುಂಡು. ಅಂಥದ್ದನ್ನು ಕಾಸಿ, ಬಡಿದು, ಮಟ್ಟ ತಪ್ಪದ ಹಾಗೆ ಮಾಡಿ, ರೈಲಿನಲ್ಲಿ ಸಾಗಿಸಿ, ನೆಲದಿಂದ ಸುಮಾರು 140 ಅಡಿ ಮೇಲಕ್ಕೆತ್ತಿ ಬೇರಿಂಗಿನಲ್ಲಿ ಕೂರಿಸಿದರು ಅಂದರೆ ಆ ಕೆಲಸಗಾರರಿಗೆ ಕೈ ಮುಗೀಬೇಕು. ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಇಲ್ಲೂ ಉಕ್ಕಿನ ಸರಳುಗಳು ಎಳೆತದಲ್ಲೇ ನಿಂತು ಭಾರ ಹೊರುತ್ತವೆ. ಹಾಗಾಗಿ ಚಕ್ರ ಅಷ್ಟು ದೊಡ್ಡದಾದರೂ ನೋಡಲಿಕ್ಕೆ ತೆಳ್ಳಗೆ ಕಾಣುತ್ತಿತ್ತು. ತಿರುಗಿಸಲಿಕ್ಕೆ 1,000 ಅಶ್ವಶಕ್ತಿಯ ಉಗಿ ಎಂಜಿನ್, ಅದು ಕೈಕೊಟ್ಟರೆ ಅಂತ ಪಕ್ಕದಲ್ಲಿ ಅಷ್ಟೇ ಶಕ್ತಿಯ ಇನ್ನೊಂದು.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. ಯಂತ್ರ, ಕಲೆ, ಕೃಷಿ ಎಲ್ಲ ಇದ್ದದ್ದು ಬಿಳಿ ಬಣ್ಣದ ಭವ್ಯ ಕಟ್ಟಡಗಳಲ್ಲಿ. ಚಕ್ರ ಇದ್ದದ್ದು ಅಲ್ಲಲ್ಲ, ಮಿಡ್‌ವೇ ಅನ್ನುವ ಸುಮಾರು ಒಂದು ಮೈಲಿ ಉದ್ದದ ಪಟ್ಟಿಯಲ್ಲಿ. ಅದು ಪೂರಾ ಮೋಜಿನ ಬೀದಿ, ಒಂದೊಂದಕ್ಕೂ ಬೇರೆ ಟಿಕೆಟ್. ಪ್ರದರ್ಶನದ ಪ್ರವೇಶಕ್ಕೆ 50 ಸೆಂಟ್, ಚಕ್ರಕ್ಕೆ ಮತ್ತೆ 50 ಸೆಂಟ್, ಆದರೂ ಜನ ಮುಗಿಬಿದ್ದರು. ದುಡ್ಡು ಹುಟ್ಟುವುದು ಎಲ್ಲಿ ಅಂತ ನೋಡಿದವರಿಗೆ ಗೊತ್ತಾಯಿತು. ನ್ಯೂಯಾರ್ಕ್ ಹತ್ತಿರದ ಕೋನಿ ಐಲೆಂಡಿನ ಜಾರ್ಜ್ ಟಿಲ್ಯೂ ಆ ಚಕ್ರ ನೋಡಿ ಹೋಗಿ, ತನ್ನೂರಲ್ಲಿ ಅದಕ್ಕಿಂತ ಚಿಕ್ಕದೊಂದನ್ನು ನಿಲ್ಲಿಸಿದ. 1897ರಲ್ಲಿ ಸುತ್ತ ಬೇಲಿ ಹಾಕಿ ಸ್ಟೀಪಲ್‌ಚೇಸ್ ಪಾರ್ಕ್ ತೆರೆದ. ಪ್ರದರ್ಶನ ಮುಗಿದರೂ ಮೋಜಿನ ಬೀದಿ ಮಾತ್ರ ಉಳಿದದ್ದು ಹೀಗೆ.

ಫೆರಿಸ್‌ಗೆ ಸುಖ ಸಿಗಲಿಲ್ಲ ಪಾಪ. ಸಾಲ, ಕೋರ್ಟು ಅಂತ ಅಲೆದು, 1896ರಲ್ಲಿ ವಿಷಮಶೀತ ಜ್ವರದಿಂದ 37ನೇ ವಯಸ್ಸಿಗೇ ತೀರಿಕೊಂಡ. ಚಕ್ರವನ್ನು 1904ರ ಸೇಂಟ್ ಲೂಯಿ ಪ್ರದರ್ಶನಕ್ಕೆ ಒಯ್ದು ನಿಲ್ಲಿಸಿದ್ದರು, 1906ರಲ್ಲಿ ಡೈನಮೈಟ್ ಇಟ್ಟು ಕೆಡವಿದರು.

ತೀರ್ಥಹಳ್ಳಿ ಮೇಷ್ಟ್ರು

ಫಿಟ್ಟರ್ ಅವರು ಚಕ್ರದ ಕಥೆ ಚೆನ್ನಾಗಿ ಹೇಳಿದ್ರು. ಆದರೆ ಥೀಮ್ ಪಾರ್ಕಿನ ಜೀವ ಇರುವುದು ಕಥೆಯೊಳಗೆ ನಮ್ಮನ್ನು ಕೂರಿಸಿ ಕರೆದೊಯ್ಯುವುದರಲ್ಲಿ. ಅದಕ್ಕೆ 1901ರ ಬಫಲೋ ಪ್ರದರ್ಶನ ನೋಡಬೇಕು. ಫ್ರೆಡರಿಕ್ ಥಾಂಪ್ಸನ್ ಅನ್ನುವವನು ಅಲ್ಲಿ "ಚಂದ್ರಯಾನ" ಅನ್ನುವ ಆಟ ಮಾಡಿದ್ದ. ರೆಕ್ಕೆ ಬಡಿಯುವ "ಲೂನಾ" ಎಂಬ ಹಡಗು ಹತ್ತಿ ಕೂತರೆ ಅದು ಓಲಾಡುತ್ತದೆ. ಹೊರಗೆ ಚಿತ್ರಗಳು ಸರಿಯುತ್ತಾ ಭೂಮಿ ದೂರ ಹೋದ ಹಾಗೆ ಕಾಣುತ್ತದೆ. ಇಳಿದರೆ ಚಂದ್ರನ ಗುಹೆ, ವೇಷ ಹಾಕಿದ ಚಂದ್ರಲೋಕದವರು, ತಿನ್ನಲಿಕ್ಕೆ ಹಸಿರು ಚೀಸ್! ಮುಂದೆ ಟಿಲ್ಯೂ ಅದನ್ನು ತನ್ನ ಪಾರ್ಕಿಗೆ ತರಿಸಿದ. 1903ರಲ್ಲಿ ಥಾಂಪ್ಸನ್ ಮತ್ತು ಅವನ ಪಾಲುದಾರ ಡಂಡಿ ಸ್ವಂತ ಪಾರ್ಕ್ ತೆರೆದು ಅದಕ್ಕೆ ಲೂನಾ ಪಾರ್ಕ್ ಅಂತಲೇ ಹೆಸರಿಟ್ಟರು.

ಇನ್ನೊಂದು ಮಾತು, ಇದನ್ನು ಬಿಟ್ಟು ಈ ಚರಿತ್ರೆ ಹೇಳಬಾರದು. ಆ ಮೋಜಿನ ಬೀದಿಗಳಲ್ಲಿ ಮನುಷ್ಯರನ್ನೂ ಪ್ರದರ್ಶನಕ್ಕಿಟ್ಟಿದ್ದರು. "ಹಳ್ಳಿ"ಗಳನ್ನು ಕಟ್ಟಿ, ಆಫ್ರಿಕಾ, ಏಷ್ಯಾದ ಜನರನ್ನು ತಂದು ಅವರ ಅಡುಗೆ, ಕುಣಿತ, ನಿತ್ಯದ ಬದುಕನ್ನು ಟಿಕೆಟ್ ಕೊಟ್ಟು ನೋಡುವ ವಸ್ತು ಮಾಡಿದರು. ಸೇಂಟ್ ಲೂಯಿಗೆ ಫಿಲಿಪೀನ್ಸಿನಿಂದಲೇ ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದಿದ್ದರು. ತಮ್ಮ ಆಳ್ವಿಕೆಯೇ ಸರಿ ಅಂತ ತೋರಿಸುವುದು ಅದರ ಹಿಂದಿನ ಲೆಕ್ಕ. ಒಂದೇ ದಿನದಲ್ಲಿ ಲೋಕ ಸುತ್ತಿಸುವ ಪಾರ್ಕುಗಳ ಆಸೆಯ ಬೇರಿನಲ್ಲಿ ಈ ಅನ್ಯಾಯವೂ ಇದೆ. ಮಕ್ಕಳಿಗೆ ಹೇಳುವಾಗ ಎರಡನ್ನೂ ಹೇಳಿ.

ಹೊಸನಗರದಿಂದ ಬೆಂಗಳೂರಿಗೆ

ನಾನು ಬೆಂಗಳೂರು ಹತ್ತಿರದ ಪಾರ್ಕೊಂದರಲ್ಲಿ ರೈಡ್ ಆಪರೇಟರ್ ಆಗಿದ್ದೆ. ಅಲ್ಲಿ ಮೇಲಿನವರು ದಿನಾ ಕೇಳ್ತಿದ್ದದ್ದು ಒಂದೇ: "ಗಂಟೆಗೆ ಎಷ್ಟು ಜನ ಹತ್ತಿಳೀತಾರೆ?" ಈ ಲೆಕ್ಕವನ್ನು ಪಾರ್ಕುಗಳಿಗೆ ಕಲಿಸಿದ್ದೂ ವಸ್ತುಪ್ರದರ್ಶನವೇ. 1939ರ ನ್ಯೂಯಾರ್ಕಿನಲ್ಲಿ ಜನರಲ್ ಮೋಟರ್ಸ್‌ನವರ ಫ್ಯೂಚರಾಮಾ ಇತ್ತು. ಸದಾ ಚಲಿಸುವ ಕುರ್ಚಿಗಳ ಸಾಲು, ಕುರ್ಚಿಯಲ್ಲೇ ವಿವರಣೆಯ ದನಿ, ಕೆಳಗೆ 1960ರ ಅಮೆರಿಕ ಹೇಗಿರುತ್ತದೆ ಅಂತ ಹೆದ್ದಾರಿ, ಊರುಗಳ ಮಾದರಿ. ನಡೆದಾಡುವ ಜನ ಒಂದೇ ಕಡೆ ಗುಂಪುಗಟ್ಟುತ್ತಾರೆ, ಕುರ್ಚಿಯಲ್ಲಿ ಕೂತವರು ಹಾಗಲ್ಲ, ಸಾಲು ಸಾಗ್ತಾ ಇರ್ತದೆ.

ಅದೇ ಊರಿನ 1964–65ರ ಪ್ರದರ್ಶನಕ್ಕೆ ವಾಲ್ಟ್ ಡಿಸ್ನಿ ನಾಲ್ಕು ಆಕರ್ಷಣೆ ಮಾಡಿಕೊಟ್ಟರು. ಡಿಸ್ನಿಲ್ಯಾಂಡ್ 1955ರಲ್ಲೇ ಶುರುವಾಗಿತ್ತು, ಆದರೆ ಹೊಸ ಯಂತ್ರಗಳನ್ನು ಪರೀಕ್ಷೆ ಮಾಡಲಿಕ್ಕೆ ಸಿಕ್ಕಿದ್ದು ಇಲ್ಲಿ, ಅದೂ ಬೇರೆಯವರ ದುಡ್ಡಿನಲ್ಲಿ. ಪೆಪ್ಸಿಯವರ ಮಂಟಪದಲ್ಲಿ ನೀರಿನ ಚಿಮ್ಮುವಿಕೆಯಿಂದಲೇ ಸಾಗುವ ದೋಣಿಗಳು, ಸುತ್ತ ಹಾಡುವ ದೇಶದೇಶದ ಗೊಂಬೆ ಮಕ್ಕಳು. ಇಲಿನಾಯ್ ರಾಜ್ಯಕ್ಕೆ ಎದ್ದು ನಿಂತು ಭಾಷಣ ಮಾಡುವ ಯಂತ್ರದ ಲಿಂಕನ್. ಜನರಲ್ ಎಲೆಕ್ಟ್ರಿಕ್‌ಗೆ ಮಾಡಿದ್ದರಲ್ಲಿ ವೇದಿಕೆ ಅಲ್ಲಾಡುವುದಿಲ್ಲ, ಪ್ರೇಕ್ಷಕರ ಆಸನಗಳೇ ಸುತ್ತುತ್ತವೆ. ಫೋರ್ಡಿಗೆ ಮಾಡಿದ್ದರಲ್ಲಿ ಕಾರುಗಳೇ ಆಸನ, ಹಳಿಯಲ್ಲಿ ಕೂರಿಸಿದ ಚಕ್ರಗಳು ಅವನ್ನು ತಳ್ಳುತ್ತವೆ. ಗೊಂಬೆ ದೋಣಿ 1966ರಲ್ಲಿ ಡಿಸ್ನಿಲ್ಯಾಂಡಿಗೆ ಬಂತು, ಫೋರ್ಡಿನ ತಂತ್ರ 1967ರಲ್ಲಿ ಅಲ್ಲಿನ ಜನಸಾಗಣೆ ಬಂಡಿಗೆ ಬಳಕೆಯಾಯಿತು. 1982ರಲ್ಲಿ ತೆರೆದ ಡಿಸ್ನಿಯವರ ಇನ್ನೊಂದು ಪಾರ್ಕ್ ಎಪ್ಕಾಟ್ ಅಂತೂ ಮುಚ್ಚದೇ ನಡೆಯುವ ವಸ್ತುಪ್ರದರ್ಶನವೇ.

ಇನ್ನೊಂದು ನಂಟಿದೆ. ವಾಲ್ಟ್‌ನ ಅಪ್ಪ ಇಲಿಯಾಸ್ ಡಿಸ್ನಿ 1893ರ ಆ ಶಿಕಾಗೋ ಪ್ರದರ್ಶನ ಕಟ್ಟುವಾಗ ಬಡಗಿ ಕೆಲಸ ಮಾಡಿದ್ದವರು.

ಸಾಗರದವಳು

ಎಲ್ಲರಿಗೂ ಧನ್ಯವಾದ. ಮೇಷ್ಟ್ರು ಹೇಳಿದ್ದು ಓದಿ ಮನಸ್ಸು ಭಾರ ಆಯ್ತು, ದೊಡ್ಡಪ್ಪನಿಗೂ ಓದಿ ಹೇಳಿದೆ. ಆದ್ರೆ ನಮ್ಮ ಅಜ್ಜಿ ಒಪ್ತಿಲ್ಲ. ಅವರ ಕಾಲದ ಜಾತ್ರೆಯಲ್ಲಿ ಕೈಯಲ್ಲೇ ತಿರುಗಿಸೋ ಮರದ ತೊಟ್ಟಿಲು ಇತ್ತಂತೆ, "ಅದನ್ನೂ ಅಮೆರಿಕದವರೇ ಮಾಡಿದ್ದಾ?" ಅಂತ ಕೇಳ್ತಾರೆ. ಮತ್ತೆ ನಮ್ಮ ರಾಜ್ಯದಲ್ಲಿ ಈ ಪ್ರದರ್ಶನಗಳ ಗುರುತು ಏನಾದ್ರೂ ಇದ್ಯಾ ಫಿಟ್ಟರ್ ಅಂಕಲ್?

ಭದ್ರಾವತಿ ಫಿಟ್ಟರ್

ಅಜ್ಜಿ ಹೇಳಿದ್ದು ಖರೆ ಮಗಳೇ. ಕೈಯಲ್ಲಿ ತಿರುಗಿಸುವ ಮರದ ತೊಟ್ಟಿಲನ್ನು 17ನೇ ಶತಮಾನದಲ್ಲೇ ತುರ್ಕರ ನಾಡಿನಲ್ಲಿ ಯುರೋಪಿನ ಪ್ರವಾಸಿಗಳು ಕಂಡು ಬರೆದಿಟ್ಟಿದ್ದಾರೆ. ಅಮೆರಿಕದಲ್ಲೇ ಫೆರಿಸ್‌ಗಿಂತ ಮೊದಲು ವಿಲಿಯಂ ಸೋಮರ್ಸ್ ಮರದ ಚಕ್ರಗಳನ್ನು ಕಟ್ಟಿದ್ದ. ಫೆರಿಸ್ ಮಾಡಿದ್ದು ಅದನ್ನು ಉಕ್ಕಿಗೆ, ಉಗಿಗೆ, ಸಾವಿರಾರು ಜನರ ಅಳತೆಗೆ ತಂದದ್ದು. ಅಜ್ಜಿಗೆ ನನ್ನ ನಮಸ್ಕಾರ ಹೇಳು.

ನಮ್ಮ ರಾಜ್ಯದ ಗುರುತು ಲಾಲ್‌ಬಾಗಿನ ಗಾಜಿನ ಮನೆ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ, ಗಾಜಿನಲ್ಲಿ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸ್ ಇತ್ತಲ್ಲ, ಅದರ ಮಾದರಿಯಲ್ಲಿ ಬಂದದ್ದು ಇದು, ಅಡಿಗಲ್ಲು ಹಾಕಿದ್ದು 1889ರಲ್ಲಿ. ಲಂಡನ್ನಿನವರು ಪ್ರದರ್ಶನ ಮುಗಿದ ಮೇಲೆ ಆ ಅರಮನೆಯನ್ನು ಬಿಚ್ಚಿ ಸಿಡನ್‌ಹ್ಯಾಮಿಗೆ ಒಯ್ದು, 1854ರಲ್ಲಿ ಕಾರಂಜಿ, ತೋಟ, ಆಳೆತ್ತರ ಮೀರಿದ ಡೈನೋಸಾರ್ ಪ್ರತಿಮೆಗಳ ಸಮೇತ ಟಿಕೆಟ್ಟಿನ ಉದ್ಯಾನ ಮಾಡಿದರು. ಶಿಕಾಗೋಕ್ಕಿಂತ 39 ವರ್ಷ ಮೊದಲೇ ವಸ್ತುಪ್ರದರ್ಶನ ಪಾರ್ಕಾಗಿತ್ತು ನೋಡು. ಅರಮನೆ 1936ರ ಬೆಂಕಿಯಲ್ಲಿ ಹೋಯಿತು, ಪ್ರತಿಮೆಗಳು ಉಳಿದವು. ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಹೂವಿನ ಜೊತೆ ತಲೆ ಎತ್ತಿ ಆ ಕಮಾನುಗಳ ಜೋಡಣೆಯನ್ನೂ ನೋಡು. ಜನ ಜಾಸ್ತಿ ಇರ್ತದೆ, ಬೆಳಿಗ್ಗೆ ಬೇಗ ಹೋಗೋದು ಒಳ್ಳೇದು.