ಸಹಾಯ ಬೇಕು: ಎರಡು ದಿನದ ರೈಲು ಪ್ರಯಾಣಕ್ಕೆ ಮನೆ ಊಟ ಕಟ್ಟಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಮ್ಮನ ಜೊತೆ ರೈಲಿನಲ್ಲಿ ಹೊರಟಿದ್ದೇನೆ. ಎರಡು ಹಗಲು, ಒಂದು ರಾತ್ರಿ. ಕಿಟಕಿ ಪಕ್ಕ ಕೂತು ಮನೆಯ ಡಬ್ಬಿ ಬಿಚ್ಚಿ ತಿನ್ನುವ ಸುಖ ನಮ್ಮಿಬ್ಬರಿಗೂ ಬೇಕೇ ಬೇಕು. ಹೊರಗಿನ ಊಟ ಬೇಡ ಅಂತಲ್ಲ, ಇಳಿದ ಮೇಲೆ ಅದೇ ತಾನೇ!

ಕಳೆದ ಸಲ ಎಡವಟ್ಟಾಯಿತು. ಬಿಸಿ ಬಿಸಿ ಅನ್ನವನ್ನು ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ ಮುಚ್ಚಳ ಹಾಕಿಬಿಟ್ಟೆ. ಸಂಜೆ ತೆರೆದರೆ ಮುಚ್ಚಳದ ಒಳಗೆಲ್ಲ ನೀರಿನ ಹನಿ, ಅನ್ನ ಬೆರಳಿಗೆ ಲೋಳೆ ಲೋಳೆ, ಹುಳಿ ವಾಸನೆ. ಪೂರ್ತಿ ಚೆಲ್ಲಿದೆವು. ಆಮೇಲೆ ಓದಿ ತಿಳಿದದ್ದು: 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು. ಅನ್ನದಲ್ಲಂತೂ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಉಳಿಯುತ್ತವೆ. ವಾಂತಿ ತರಿಸುವ ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಂದರೆ ಸುಮ್ನೆ ಮೂಗನ್ನೇ ನಂಬುವ ಹಾಗಿಲ್ಲ, ಅಲ್ವಾ?

ಈ ಸಲ ಮೊದಲ ಹೊತ್ತಿಗೆ ಥರ್ಮಾಸ್ ಡಬ್ಬಿಗೆ ಕುದಿನೀರು ಹಾಕಿ ಕಾಯಿಸಿಟ್ಟು, ಅದನ್ನು ಚೆಲ್ಲಿ, ಸುಡುವ ಊಟ ತುಂಬೋಣ ಅಂದುಕೊಂಡಿದ್ದೇನೆ. ಯಾರಾದರೂ ಹೀಗೆ ಮಾಡಿದ್ದೀರಾ? ನಿಜವಾಗಿ ಎಷ್ಟು ಗಂಟೆ ಬಿಸಿ ಇರುತ್ತದೆ? ಎರಡನೇ ದಿನಕ್ಕೆ ನೀರಿನಂಶ ಇಲ್ಲದ ತಿಂಡಿ ಏನು ಮಾಡಬಹುದು? ಅಮ್ಮನ ಹಲ್ಲು ಗಟ್ಟಿಯಿಲ್ಲ, ಕಟುಂ ಅನ್ನುವಂಥದ್ದು ಆಗುವುದಿಲ್ಲ. ಬಿಸ್ಕತ್ತು, ಬ್ರೆಡ್ ಅಂತ ಮಾತ್ರ ಹೇಳಬೇಡಿ ಪ್ಲೀಸ್, ಮುಖ ತಿರುಗಿಸುತ್ತಾರೆ. ಭಾನುವಾರದೊಳಗೆ ತಿಳಿಸಿದರೆ ಮನೆಯಲ್ಲೇ ಒಂದು ಸಲ ಮಾಡಿ ನೋಡಿಬಿಡುತ್ತೇನೆ.