ಸಹಾಯ ಬೇಕು: ಮ್ಯಾಟರ್‌ಹಾರ್ನ್‌ಗೆ ಹ್ಯೋರ್ನ್ಲಿ ರಿಡ್ಜೋ, ಲಯನ್ ರಿಡ್ಜೋ?

ಎಲ್ಲರಿಗೂ ನಮಸ್ಕಾರ. ಮುಂದಿನ ಬೇಸಿಗೆಯಲ್ಲಿ ನಾನೂ ನನ್ನ ಗೆಳೆಯನೂ ಸ್ವಿಸ್-ಇಟಲಿ ಗಡಿಯ ಆಲ್ಪ್ಸ್ ಶಿಖರ ಮ್ಯಾಟರ್‌ಹಾರ್ನ್ (4,478 ಮೀ) ಹತ್ತಬೇಕೆಂದಿದ್ದೇವೆ. ಗೈಡ್ ಜೊತೆಗೇ ಹೋಗುವುದು, ಅದರಲ್ಲಿ ಎರಡು ಮಾತಿಲ್ಲ. ದಾರಿ ಯಾವುದು ಅನ್ನುವುದರಲ್ಲೇ ಜಗ್ಗಾಟ.

ನನ್ನ ಒಲವು ಸ್ವಿಸ್ ಕಡೆಯ ಹ್ಯೋರ್ನ್ಲಿ ರಿಡ್ಜ್ (ಬೆಟ್ಟದ ಏಣು) ಮೇಲೆ. 1865ರಲ್ಲಿ ಶಿಖರವನ್ನು ಮೊದಲು ಮುಟ್ಟಿದ್ದೂ ಈ ಈಶಾನ್ಯದ ದಾರಿಯಿಂದಲೇ. 3,260 ಮೀಟರ್ ಎತ್ತರದ, ಹತ್ತುವವರು ರಾತ್ರಿ ತಂಗುವ ಹಟ್‌ನಿಂದ ಕತ್ತಲಲ್ಲೇ ಹೊರಟು 1,200 ಮೀಟರಿಗೂ ಹೆಚ್ಚು ಏರಬೇಕು. ಬಂಡೆ ಹತ್ತುವುದು ತೀರಾ ಕಷ್ಟವಲ್ಲವಂತೆ, ಆದರೆ ಕಲ್ಲು ಸಡಿಲ. ದಾರಿ ತಪ್ಪಿ ಪೂರ್ವ ಮುಖದೊಳಗೆ ಸರಿದುಬಿಟ್ಟರೆ ಮೇಲಿಂದ ಕಲ್ಲು ಉರುಳುವ ಜಾಗ. 4,003 ಮೀಟರಿನಲ್ಲಿ ಸೋಲ್ವೇ ಹಟ್ ಇದೆ, ಅದು ತುರ್ತಿಗೆ ಮಾತ್ರ. ಇಳಿಯುವುದಕ್ಕೂ ಹತ್ತಿದಷ್ಟೇ ಹೊತ್ತು ಬೇಕು ಅನ್ನುತ್ತಾರೆ. ನನಗೆ ನಿಜವಾದ ಭಯ ಅದೇ.

ಗೆಳೆಯನಿಗೆ ಇಟಲಿ ಕಡೆಯ ಲಯನ್ ರಿಡ್ಜ್ ಬೇಕು. ಕ್ಯಾರೆಲ್ ಹಟ್ 3,800 ಮೀಟರಿಗೂ ಮೇಲಿರುವುದರಿಂದ ಕೊನೆಯ ದಿನದ ಏರು ಕಡಿಮೆ, ಕಡಿದಾದ ಕಡೆ ದಪ್ಪ ಹಗ್ಗಗಳನ್ನೂ ಕಟ್ಟಿದ್ದಾರೆ. ಆದರೆ ಆ ರಿಡ್ಜಿನ ಮೇಲೇ ಇರುವ ಉಪಶಿಖರ ಪಿಕ್ ಟಿಂಡಾಲ್ ದಾಟಿದ ಮೇಲೂ ದಾರಿ ಮುಗಿಯುವುದಿಲ್ಲ ಮಾರಾಯ್ರೇ!

ಎರಡರಲ್ಲಿ ಒಂದನ್ನಾದರೂ ಹತ್ತಿದವರು ದಯವಿಟ್ಟು ಹೇಳಿ: ಎತ್ತರಕ್ಕೆ ಒಗ್ಗಿಕೊಳ್ಳಲು ಮೊದಲು ಬ್ರೈಟ್‌ಹಾರ್ನ್ (4,164 ಮೀ) ಹತ್ತಿದರೆ ಸಾಕೇ? ಹ್ಯೋರ್ನ್ಲಿಯ ಮೇಲ್ಭಾಗದಲ್ಲಿ ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಲೋಹದ ಮುಳ್ಳು) ಹಾಕಿಕೊಂಡೇ ಬಂಡೆ ಹತ್ತುವುದಕ್ಕೆ ಹೇಗೆ ಅಭ್ಯಾಸ ಮಾಡಿದಿರಿ? ಹಿಂದಿನ ದಿನ ಹಿಮ ಬಿದ್ದಿದ್ದರೆ ಕಾಯ್ದಿರಾ, ವಾಪಸ್ ಬಂದಿರಾ?