‘ಹಳೆಯ ಅಡುಗೆ ಪುಸ್ತಕ’: ಹಳೆಯದು ಯಾವುದು?

ಮಾನ್ಯರೇ,

ಒಬ್ಬರು ಓದಿ ಬಿಟ್ಟ ಪುಸ್ತಕವನ್ನು ಮತ್ತೊಬ್ಬರು ಕೊಂಡಾಗ ಅದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಬೆಳಗಾವಿಯಲ್ಲಿ ಹಲವು ವರ್ಷಗಳಿಂದ ಇಂಥ ಪುಸ್ತಕಗಳನ್ನು, ಮುಖ್ಯವಾಗಿ ಕಲೆ, ನಾಡಿನ ಅಡುಗೆ ಮತ್ತು ಆದಿವಾಸಿಗಳ ಇತಿಹಾಸಕ್ಕೆ ಸಂಬಂಧಿಸಿದವುಗಳನ್ನು, ಕೂಡಿಸುತ್ತ ಬಂದಿದ್ದೇನೆ. ಈಗ ಅವುಗಳ ಯಾದಿ ಮಾಡಲು ಕುಳಿತರೆ ತಲೆಬರಹದಲ್ಲಿಯೇ ಪೆನ್ನು ನಿಂತಿದೆ.

ಮೊದಲು ‘ಹಳೆಯ ಅಡುಗೆ ಪುಸ್ತಕಗಳು’ ಎಂದು ಬರೆದೆ. ಅದನ್ನು ಓದಿದ ನನ್ನ ಹೆಂಡತಿ ‘ತಂಗಳ ರೊಟ್ಟಿ ಮಾಡೂದ ಕಲಸ್ತಾವೇನ್ರಿ ಇವು?’ ಎಂದು ನಕ್ಕಳು. ‘ಅಡುಗೆಯ ಹಳೆಯ ಪುಸ್ತಕಗಳು’ ಎಂದು ತಿರುಗಿಸಿದರೆ ಆ ತೊಡಕು ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಹೋದ ವರ್ಷ ಅಚ್ಚಾಗಿ ಒಬ್ಬರ ಕೈಯಿಂದ ನನ್ನ ಕೈಗೆ ಬಂದ ಪ್ರತಿ ಹಳೆಯದಲ್ಲ. ಐವತ್ತು ವರ್ಷ ಗೋದಾಮಿನಲ್ಲಿ ಬಿದ್ದಿದ್ದು ಯಾರೂ ಬಿಡಿಸಿ ನೋಡದ ಪ್ರತಿ ಹಳೆಯದಾಗಿದ್ದರೂ ನಾನು ಹೇಳುವ ಬಗೆಯದಲ್ಲ.

ನಮ್ಮ ಕಡೆ ಬಾಯಲ್ಲಿರುವ ಮಾತು ‘ರದ್ದಿ’. ‘ರದ್ದು ಮಾಡು’ ಎನ್ನುವಲ್ಲಿಯ ಅರಬ್ಬಿ ಮೂಲವೇ ಇದಕ್ಕೂ ಇದ್ದು, ಬೇಡವೆಂದು ತಳ್ಳಿದ್ದು ಎಂಬ ಭಾವ ಅದರಲ್ಲಿದೆ. ‘ಮೋಡಕಾ’ ಎಂಬುದು ಮರಾಠಿಯ ‘ಮೋಡಣೆ’, ಅಂದರೆ ಮುರಿ ಎಂಬುದರಿಂದ ಬಂದದ್ದು. ಬೆಂಗಳೂರಿನವರ ‘ಗುಜರಿ’ಗೆ ಹತ್ತಿರವಾದ ಅದು ತಗಡು, ಡಬ್ಬಿಗಳಿಗಷ್ಟೇ ಸರಿ. ರದ್ದಿಯಾದರೋ ತೂಕಕ್ಕೆ ಹೋಗುವ ಕಾಗದ. ಅದರ ರಾಶಿಯಿಂದ ನಾನು ಕಸೂತಿಯ ಪುಸ್ತಕವೊಂದನ್ನು ಎಳೆದೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕೂ ಹೊಲಿಗೆಗಳ ಚಿತ್ರಗಳಿದ್ದು, ಗೋಪುರದ ಚಿತ್ರದ ಪಕ್ಕದಲ್ಲಿ ಯಾರೋ ಎಳೆಗಳನ್ನು ಎಣಿಸಿ ಪೆನ್ಸಿಲಿನಿಂದ ಚುಕ್ಕೆ ಇಟ್ಟಿದ್ದರು. ಅಂಗಡಿಯವರು ಅದನ್ನು ತಕ್ಕಡಿಗೆ ಹಾಕದೆ, ಕೈಯಲ್ಲಿ ಹಿಡಿದು ತಿರುವಿ ನೋಡಿ ಬೆಲೆ ಹೇಳಿದರು. ತಕ್ಕಡಿ ತಪ್ಪಿದ ಮೇಲೆ ಅದನ್ನು ರದ್ದಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

‘ಬಳಸಿದ ಪುಸ್ತಕ’ ಎಂದು ಕೆಲವರು ಬರೆಯುತ್ತಾರೆ, ಆದರೆ ಪುಸ್ತಕವನ್ನು ನಾವು ಓದುತ್ತೇವೆಯೇ ಹೊರತು ಬಳಸುವುದಿಲ್ಲ. ‘ಓದಿದ ಪುಸ್ತಕ’ ಎಂದರೆ ಓದಿದವನು ನಾನೇ ಎಂದಾಗುತ್ತದೆ. ‘ಕೈದಾಟಿದ’ ಎಂಬುದು ಕಿವಿಗೆ ಹಿತವಾಗಿದ್ದರೂ, ಹತೋಟಿ ತಪ್ಪಿದ್ದು ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿದೆ. ‘ಸೆಕೆಂಡ್‌ಹ್ಯಾಂಡ್’ ಎಂಬುದಕ್ಕೆ ನನ್ನ ತಕರಾರಿಲ್ಲ, ಆದರೆ ಯಾದಿಯ ತಲೆಬರಹದಲ್ಲಿ ಅದು ಮೋಟರ್‌ಸೈಕಲ್ಲನ್ನೇ ನೆನಪಿಗೆ ತರುತ್ತದೆ.

(ಯಾದಿಯ ಮೂರನೆಯ ವಿಭಾಗ, ಅಂದರೆ ಆದಿವಾಸಿಗಳ ಇತಿಹಾಸದ್ದು, ಅದರ ಹೆಸರೂ ಸುಲಭದ್ದಲ್ಲ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬ್ರಿಟಿಷರ ವಿರುದ್ಧ ನಿಂತದ್ದನ್ನು ಹೇಳುವ ಪುಸ್ತಕಕ್ಕೆ ‘ಗಿರಿಜನ’ ಎಂಬ ಪದ ಒಪ್ಪುವುದಿಲ್ಲ. ‘ಪರಿಶಿಷ್ಟ ಪಂಗಡ’ ಕಾನೂನಿನ ಪದ, ಬೇಡರು ಆ ಪಟ್ಟಿಗೆ ಸೇರಿದ್ದು 1991ರಲ್ಲಿ. ಅದು ಬೇರೆಯೇ ಚರ್ಚೆ.)

ನಾವು ಶಾಲೆಗೆ ಹೋಗುವಾಗ ಮೇಲಿನ ವರ್ಗದವರಿಂದ ಕೊಳ್ಳುತ್ತಿದ್ದ ಪಠ್ಯಗಳನ್ನು ‘ಅರ್ಧಾ ಕಿಮ್ಮತ್ತಿನ ಪುಸ್ತಕ’ ಎನ್ನುತ್ತಿದ್ದೆವು. ಮುಖಬೆಲೆಯ ಹತ್ತು ಪಟ್ಟು ಕೊಟ್ಟು ತಂದದ್ದಕ್ಕೆ ಆ ಹೆಸರು ಹೇಗೆ ಇಡಲಿ? ವಿಜಯಪುರ, ಬಾಗಲಕೋಟೆಯ ಕಡೆ ಹಿರಿಯರ ಬಾಯಲ್ಲಿ ಬೇರೆ ಮಾತು ಇದ್ದರೆ, ಅದನ್ನು ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದರ ಸಹಿತ ತಿಳಿಸಬೇಕಾಗಿ ವಿನಂತಿ.